ಕಲಬುರಗಿ ಕಾಂಗ್ರೆಸ್: ಭದ್ರಕೋಟೆ ಬಿರುಕು ಬಿಟ್ಟದ್ದೆಲ್ಲಿ?

ಕಲಬುರಗಿ ಕಾಂಗ್ರೆಸ್ಸಿನ ಭದ್ರಕೋಟೆ ಎಂಬ ಮಾತು ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಆದರೆ 1996ರಲ್ಲಿ ಜನತಾದಳದ ಖಮರುಲ್ ಇಸ್ಲಾಂ, 1998ರಲ್ಲಿ ಬಿಜೆಪಿಯ ಬಸವರಾಜ ಪಾಟೀಲ ಸೇಡಂ, 2019ರಲ್ಲಿ ಅದೇ ಪಕ್ಷದ ಉಮೇಶ ಜಾಧವ ಇಲ್ಲಿಂದ ಲೋಕಸಭೆಗೆ ಗೆದ್ದಿದ್ದಾರೆ. ಪಕ್ಷದ ಬಲ ಇಲ್ಲಿ ಕಚೇರಿಯಲ್ಲಿದ್ದದ್ದಕ್ಕಿಂತ ಸಮುದಾಯಗಳ ಮುಖಂಡರ ಕೈಯಲ್ಲಿದ್ದದ್ದೇ ಹೆಚ್ಚು. ಅವರು ಎದ್ದು ಹೋದಾಗಲೆಲ್ಲ ಕೋಟೆ ಅಲುಗಿದೆ.

ಬೇರು ನಿಜಾಮರ ಕಾಲದ್ದು. 1938ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮ ಸರ್ಕಾರ ಕೂಡಲೇ ನಿಷೇಧಿಸಿತು. ನಿಷೇಧ ತೆರವಾದದ್ದು 1946ರಲ್ಲಿ. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರೇ 1952ರಲ್ಲಿ ಕಲಬುರಗಿಯಿಂದ ಸಂಸದರಾದರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಟಿಕೆಟ್ ಕೇಳುವವರು ಹೈದರಾಬಾದ್ ಬಿಟ್ಟು ಬೆಂಗಳೂರಿನ ಹಾದಿ ಹಿಡಿದರು.

1969ರಲ್ಲಿ ಪಕ್ಷ ಒಡೆದಾಗ ಮುಖ್ಯಮಂತ್ರಿಯಾಗಿದ್ದ ಚಿಂಚೋಳಿಯ ಲಿಂಗಾಯತ ಮುಖಂಡ ವೀರೇಂದ್ರ ಪಾಟೀಲರು ಇಂದಿರಾ ಗಾಂಧಿಯವರ ಎದುರು ಬಣದ ನಿಜಲಿಂಗಪ್ಪನವರ ಜತೆ ಉಳಿದರು. ಅದೇ ವರ್ಷ ಎಂ.ಎಸ್.ಕೆ. ಮಿಲ್ ಕಾರ್ಮಿಕ ಸಂಘದ ಕಾನೂನು ಸಲಹೆಗಾರ ಮಲ್ಲಿಕಾರ್ಜುನ ಖರ್ಗೆ ನಗರ ಕಾಂಗ್ರೆಸ್ ಅಧ್ಯಕ್ಷರಾದರು. 1972ರಿಂದ ಗುರುಮಠಕಲ್ ವಿಧಾನಸಭಾ ಕ್ಷೇತ್ರದಲ್ಲಿ ಸತತ ಎಂಟು ಸಲ ಗೆದ್ದರು.

ಹೈಕಮಾಂಡ್ ಮುಂದೆ ಜಿಲ್ಲಾ ಘಟಕದ ಮಾತು ಎಷ್ಟು ನಡೆಯುತ್ತಿತ್ತು ಎಂಬುದಕ್ಕೆ 1980 ಸಾಕ್ಷಿ. ಲೋಕಸಭೆಗೆ ಗೆದ್ದಿದ್ದ ಧರ್ಮಸಿಂಗ್ ರಾಜೀನಾಮೆ ಕೊಟ್ಟು, ದೆಹಲಿಯಲ್ಲಿ ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್‌ಗೆ ಕ್ಷೇತ್ರ ಬಿಟ್ಟುಕೊಟ್ಟರು. ಸ್ಟೀಫನ್ ಗೆದ್ದರು, ಹಾಗಾಗಿ ಯಾರೂ ಚಿಂತಿಸಲಿಲ್ಲ. ಹತ್ತು ವರ್ಷದ ನಂತರದ ತೀರ್ಮಾನ ಮಾತ್ರ ದುಬಾರಿಯಾಯಿತು. ಪಕ್ಷಕ್ಕೆ ಮರಳಿದ್ದ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ 1989ರಲ್ಲಿ ವಿಧಾನಸಭೆಯ 178 ಸ್ಥಾನ ಬಂದಿದ್ದವು. 1990ರಲ್ಲಿ, ಅವರು ಅನಾರೋಗ್ಯದಲ್ಲಿದ್ದಾಗಲೇ, ಮುಖ್ಯಮಂತ್ರಿ ಸ್ಥಾನದಿಂದ ಇಳಿಸಲಾಯಿತು. ಲಿಂಗಾಯತ ಮತ ಅಂದು ಸರಿಯತೊಡಗಿದ್ದು ಮೊದಲು ಜನತಾದಳಕ್ಕೆ, ಆಮೇಲೆ ಬಿಜೆಪಿಗೆ ಹೋಯಿತು.

2009ರಲ್ಲಿ ಖರ್ಗೆ ಸಂಸದರಾದ ಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು: ಈ ಭಾಗದ ಸಿ ದರ್ಜೆ ಹುದ್ದೆಗಳಲ್ಲಿ ಶೇ 80, ಡಿ ದರ್ಜೆಯಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಪಕ್ಷದ ಅತಿ ದೊಡ್ಡ ಸಾಧನೆ ಇದೇ. ಆದರೂ 2019ರಲ್ಲಿ ಖರ್ಗೆ 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಕಾರಣ ನಕಾಶೆಯಲ್ಲೂ ಇದೆ. ಜಿಲ್ಲೆಯಲ್ಲಿ ಒಂಬತ್ತು ವಿಧಾನಸಭಾ ಕ್ಷೇತ್ರಗಳು. ಅದರಲ್ಲಿ ಆಳಂದ, ಚಿಂಚೋಳಿ ಬೀದರ ಲೋಕಸಭೆಗೆ ಸೇರುತ್ತವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿಗೆ ಬರುತ್ತದೆ. ಹೀಗಾಗಿ ಚಿಂಚೋಳಿಯ ಶಾಸಕ ಮುನಿಸಿಕೊಂಡರೆ ಅದು ಬೀದರದವರ ತಲೆನೋವು ಎಂದುಕೊಳ್ಳುವುದು ಸುಲಭ. ಲಂಬಾಣಿ ಸಮುದಾಯದ ಉಮೇಶ ಜಾಧವ ಬಿಜೆಪಿಗೆ ಹೋಗುವ ಮುನ್ನ ಚಿಂಚೋಳಿಯ ಕಾಂಗ್ರೆಸ್ ಶಾಸಕರೇ ಆಗಿದ್ದರು. ಲಂಬಾಣಿ ತಾಂಡಾಗಳು ಮಾತ್ರ ಈ ಗಡಿ ನೋಡಿ ಹರಡಿಲ್ಲ. ಸೇಡಂ, ಚಿತ್ತಾಪುರ, ಗುರುಮಠಕಲ್ ಸೀಮೆಯಲ್ಲೂ ಇವೆ. ಮುಂಬೈ, ಪುಣೆಗೆ ದುಡಿಯಲು ಹೋದವರನ್ನು ಮತದಾನದ ದಿನ ಕರೆಸಬೇಕಾದರೆ ತಾಂಡಾದ ಹಿರಿಯರಾದ ನಾಯಕ, ಕಾರಭಾರಿಯ ಮಾತು ಬೇಕು. ಬ್ಲಾಕ್ ಸಮಿತಿಯ ಪತ್ರದಿಂದ ಆಗುವ ಕೆಲಸವಲ್ಲ. ಜಾಧವ ಪಕ್ಷ ಬಿಡುವ ಮೊದಲೇ ಕೋಲಿ ಸಮಾಜದ ಬಾಬುರಾವ್ ಚಿಂಚನಸೂರ, ಅಫಜಲಪುರದ ಮಾಲೀಕಯ್ಯ ಗುತ್ತೇದಾರ ಬಿಜೆಪಿಗೆ ಹೋಗಿದ್ದರು. ಮೂರು ಕಡೆ ಸೋರಿದ್ದನ್ನು ಲಿಂಗಾಯತ ಮತ ಮೊದಲೇ ಕಳೆದುಕೊಂಡಿದ್ದ ಪಕ್ಷಕ್ಕೆ ತುಂಬಿಕೊಳ್ಳಲಾಗಲಿಲ್ಲ.

ಚಿಂಚನಸೂರ 2023ರಲ್ಲಿ, ಗುತ್ತೇದಾರ 2024ರಲ್ಲಿ ಮರಳಿದರು. 2023ರಲ್ಲಿ ಒಂಬತ್ತರಲ್ಲಿ ಏಳು ಕ್ಷೇತ್ರ ಕಾಂಗ್ರೆಸ್ ಗೆದ್ದಿತು. ಮರುವರ್ಷ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಲೋಕಸಭೆಯನ್ನು ಸುಮಾರು 27 ಸಾವಿರ ಮತಗಳಿಂದ ಹಿಂಪಡೆದರು. ಚಿಂಚೋಳಿ ಇನ್ನೂ ಜಾಧವರ ಮಗ ಅವಿನಾಶ ಕೈಯಲ್ಲಿದೆ.