ನಾಟಿಕಲ್ ಮೈಲಿಯನ್ನು 1.6ರಿಂದ ಗುಣಿಸಬಹುದೇ?

ಪ್ರಶ್ನೆ: ‘ದಡದಿಂದ 40 ನಾಟಿಕಲ್ ಮೈಲಿ ದೂರದಲ್ಲಿ ಮೀನುಗಾರರ ದೋಣಿ ಕೆಟ್ಟು ನಿಂತಿದೆ’ ಎಂಬಂಥ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಮೈಲಿಗೆ 1.6 ಕಿ.ಮೀ.ನಂತೆ ಲೆಕ್ಕ ಹಾಕಿದರೆ ಸರಿಯೇ?

ಸರಿಯಲ್ಲ. ಹಾಗೆ ಹಾಕಿದರೆ 64 ಕಿ.ಮೀ. ಬರುತ್ತದೆ, ದೋಣಿ ಇರುವುದು 74 ಕಿ.ಮೀ. ಆಚೆ. ನೆರವಿಗಾಗಿ ಕಾಯುತ್ತಿರುವವರ ಪಾಲಿಗೆ ಆ ಹತ್ತು ಕಿ.ಮೀ. ಸಣ್ಣದಲ್ಲ. ರಸ್ತೆಯ ಮೈಲಿ 1,609 ಮೀಟರ್, ಕಡಲಿನ ಮೈಲಿ 1,852 ಮೀಟರ್. ಹೆಸರು ಒಂದೇ, ಹುಟ್ಟು ಬೇರೆ.

ಅಕ್ಷಾಂಶದ ಒಂದು ಡಿಗ್ರಿಯಲ್ಲಿ ಅರವತ್ತು ಮಿನಿಟುಗಳಿವೆ. ಭೂಮಿಯ ಮೇಲೆ ಅಂಥ ಒಂದು ಮಿನಿಟಿನ ಉದ್ದವೇ ನಾಟಿಕಲ್ ಮೈಲಿ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಈ ಉದ್ದ ಸಮಭಾಜಕ ವೃತ್ತದ ಬಳಿ ಸುಮಾರು 1,843 ಮೀಟರ್, ಧ್ರುವದ ಬಳಿ ಸುಮಾರು 1,862. ದೇಶಕ್ಕೊಂದು ಲೆಕ್ಕ ನಡೆಯುತ್ತಿದ್ದಾಗ, 1929ರಲ್ಲಿ ಮೊನಾಕೊದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು 1,852 ಎಂದು ಗೊತ್ತುಪಡಿಸಿತು.

ಮೀಟರ್ ಬಂದು ಇಷ್ಟು ಕಾಲವಾದರೂ ನಾವಿಕರು ಈ ಮೈಲಿಯನ್ನು ಬಿಟ್ಟಿಲ್ಲ. ಅದು ಹಟವಲ್ಲ, ಅನುಕೂಲ. ಕಡಲಿನ ನಕಾಶೆಯ ಎಡಬಲದ ಅಂಚಿನಲ್ಲಿ ಅಕ್ಷಾಂಶದ ಗೆರೆಗಳಿರುತ್ತವೆ. ಎರಡು ಜಾಗಗಳ ಮೇಲೆ ಡಿವೈಡರಿನ ಎರಡು ಮೊನೆಗಳನ್ನಿಟ್ಟು, ಹಾಗೆಯೇ ಎತ್ತಿ ಅದೇ ಎತ್ತರದ ಪಕ್ಕದ ಅಂಚಿಗೆ ತಂದು ಮಿನಿಟುಗಳನ್ನು ಎಣಿಸಿದರೆ ದೂರ ಸಿಕ್ಕಿತು. ಬೇರೆ ಅಳತೆಪಟ್ಟಿ ಬೇಡ. ಕೆಳಗಿನ ಅಂಚಿನಲ್ಲಿ ಮಾತ್ರ ಅಳೆಯಬಾರದು. ಅಲ್ಲಿರುವುದು ರೇಖಾಂಶ, ಅದರ ಮಿನಿಟು ಧ್ರುವದತ್ತ ಹೋದಂತೆ ಕಿರಿದಾಗುತ್ತದೆ.

ನಮ್ಮ ಕರಾವಳಿಯನ್ನೇ ನೋಡಿ. ಮಂಗಳೂರು ಸುಮಾರು 12 ಡಿಗ್ರಿ 52 ಮಿನಿಟಿನಲ್ಲಿದೆ, ಕಾರವಾರ 14 ಡಿಗ್ರಿ 48 ಮಿನಿಟಿನಲ್ಲಿ. ವ್ಯತ್ಯಾಸ 116 ಮಿನಿಟು. ಅಂದರೆ ಕಾರವಾರ ಮಂಗಳೂರಿಗಿಂತ 116 ನಾಟಿಕಲ್ ಮೈಲಿ, ಸುಮಾರು 215 ಕಿ.ಮೀ. ಉತ್ತರಕ್ಕಿದೆ. ಬರೀ ಕಳೆಯುವ ಲೆಕ್ಕದಲ್ಲಿ ಭೂಮಿಯ ದೂರವೇ ಕೈಗೆ ಸಿಗುವುದು ನನಗೆ ಇಂದಿಗೂ ಸೊಗಸೆನಿಸುತ್ತದೆ.

ಬಾಯಿಲೆಕ್ಕಕ್ಕೆ ಹೀಗೆ ಮಾಡಿ: ಮೈಲಿಯನ್ನು ಇಮ್ಮಡಿಸಿ, ಮೂಲ ಸಂಖ್ಯೆಯ ಶೇ 15ರಷ್ಟನ್ನು ಕಳೆಯಿರಿ. ದೇಶದ ಪ್ರಾದೇಶಿಕ ಜಲಗಡಿ 12 ಮೈಲಿ, 24ರಲ್ಲಿ 1.8 ಹೋದರೆ 22.2 ಕಿ.ಮೀ. ಕಡಲಿನ ಸಂಪತ್ತಿನ ಮೇಲೆ ದೇಶಕ್ಕೆ ಹಕ್ಕಿರುವ ಅನನ್ಯ ಆರ್ಥಿಕ ವಲಯ (ಇಇಜೆಡ್) 200 ಮೈಲಿ. 400ರಲ್ಲಿ 30 ಹೋದರೆ 370. ಕಿ.ಮೀ.ನಿಂದ ಮೈಲಿಗೆ ಬರಲು 0.54ರಿಂದ ಗುಣಿಸಿದರೆ ಸಾಕು.

ಇದೇ ಲೆಕ್ಕ ‘ನಾಟ್’ಗೂ ಒಪ್ಪುತ್ತದೆ. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಮುನ್ಸೂಚನೆಯಲ್ಲಿ 40 ನಾಟ್ ಗಾಳಿ ಎಂದಿದ್ದರೆ ಗಂಟೆಗೆ 74 ಕಿ.ಮೀ. ‘ಗಂಟೆಗೆ 40 ನಾಟ್’ ಎಂದು ಬರೆಯಬೇಡಿ. ಗಂಟೆ ಆ ಪದದೊಳಗೇ ಇದೆ.