ಯಾವ ಸರಬರಾಜುದಾರರನ್ನು ಮೊದಲು ತಿದ್ದಬೇಕು? ಕಟ್ಟಡ ಕಾಮಗಾರಿಯ ಆದ್ಯತೆ ಲೆಕ್ಕ

ಸರಬರಾಜುದಾರರನ್ನು ಆರಿಸುವಾಗ ಹೆಚ್ಚು ಅಂಕದವರು ಗೆಲ್ಲುತ್ತಾರೆ. ಅಭಿವೃದ್ಧಿಪಡಿಸುವಾಗ ಆ ಪಟ್ಟಿಯನ್ನೇ ತಿರುಗಿಸಿ, ಕಡಿಮೆ ಅಂಕದವರಿಂದ ಶುರುಮಾಡಿದರೆ ಲೆಕ್ಕ ಕೆಡುತ್ತದೆ.

ಯಾವ ಮಾನದಂಡ ಎಷ್ಟು ಮುಖ್ಯ ಎಂದು ಹೇಳುವ ತೂಕಗಳಿಗೆ, ಮಾನದಂಡಗಳನ್ನು ಎರಡೆರಡಾಗಿ ಹೋಲಿಸುವ ಥಾಮಸ್ ಸಾಟಿ ಅವರ ಎಎಚ್‌ಪಿ ವಿಧಾನ ಸಾಕು. ಗುಣಮಟ್ಟ ಸಮಯಪಾಲನೆಗಿಂತ 3 ಪಟ್ಟು, ಬೆಲೆಗಿಂತ 5 ಪಟ್ಟು ಮುಖ್ಯ. ಸಮಯಪಾಲನೆ ಬೆಲೆಗಿಂತ 3 ಪಟ್ಟು. ಈ ಹೋಲಿಕೆಗಳನ್ನು 3×3 ಕೋಷ್ಟಕದಲ್ಲಿ ಬರೆದು (ತಿರುಗಿದ ಹೋಲಿಕೆಗೆ 1/3, 1/5), ಪ್ರತಿ ಸಾಲಿನ ಅಂಕಿಗಳನ್ನು ಗುಣಿಸಿ, ಘನಮೂಲ ತೆಗೆದು, ಮೊತ್ತದಿಂದ ಭಾಗಿಸಿದರೆ ತೂಕಗಳು ಕ್ರಮವಾಗಿ 0.637, 0.258, 0.105. ಹೋಲಿಕೆಗಳು ಒಂದಕ್ಕೊಂದು ಎಷ್ಟು ಹೊಂದುವುದಿಲ್ಲ ಎಂದು ತೋರಿಸುವ ಸುಸಂಗತತೆಯ ಅನುಪಾತ 0.03, ಮಿತಿ 0.10; ಹಾಗಾಗಿ ತೂಕಗಳನ್ನು ನಂಬಬಹುದು.

ಗಂಟು ಇರುವುದು ಮುಂದಿನ ಹೆಜ್ಜೆಯಲ್ಲಿ. ತೂಕದಿಂದ ಗುಣಿಸಬೇಕಾದದ್ದು ಅಂಕವನ್ನಲ್ಲ, ಕೊರತೆಯನ್ನು. ಕೊರತೆ ಎಂದರೆ ಗುರಿಯಿಂದ ಈಗಿನ ಅಂಕ ಕಳೆದದ್ದು. ಗುರಿ ಮೂರಕ್ಕೂ 8 ಎಂದಿಟ್ಟುಕೊಳ್ಳಿ. ಗುಣಮಟ್ಟ, ಸಮಯ, ಬೆಲೆ ಈ ಕ್ರಮದಲ್ಲಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸುವ ಮರಳು) ಕ್ರಷರ್‌ಗೆ ಈಗಿನ ಅಂಕ 5, 7, 8. ಆರ್‌ಎಂಸಿ (ಸಿದ್ಧ ಕಾಂಕ್ರೀಟ್) ಘಟಕಕ್ಕೆ 7, 3, 7. ಟೈಲ್ಸ್ ಅಂಗಡಿಗೆ 4, 4, 5. ಕ್ರಷರ್‌ನ ಕೊರತೆ 3, 1, 0. ಆದ್ದರಿಂದ 3×0.637 + 1×0.258 = 2.17. ಹಾಗೆಯೇ ಆರ್‌ಎಂಸಿ 2.03, ಟೈಲ್ಸ್ 3.90. ಇಲ್ಲಿಗೇ ನಿಲ್ಲಿಸಿದರೆ ಟೈಲ್ಸ್ ಅಂಗಡಿಯೇ ಮೊದಲು. ಆದರೆ ಟೈಲ್ಸ್‌ಗೆ ಇನ್ನೊಂದು ಅಂಗಡಿ ನಾಳೆಯೇ ಸಿಗುತ್ತದೆ. ಅವರನ್ನು ತಿದ್ದುತ್ತಾ ಕೂರುವುದೇಕೆ, ಬದಲಿಸಿದರಾಯಿತು.

ಹಾಗಾಗಿ ಕೊರತೆಯನ್ನು ಅವಲಂಬನೆಯಿಂದಲೂ ಗುಣಿಸಬೇಕು: ಬದಲಿ ಸುಲಭವಾದರೆ 1, ಕಷ್ಟವಾದರೆ 2, ಹತ್ತಿರದಲ್ಲಿ ಬೇರೆ ಯಾರೂ ಇಲ್ಲದಿದ್ದರೆ 3. ಸುತ್ತಮುತ್ತ ಒಂದೇ ಕ್ರಷರ್ ಇದ್ದರೆ 2.17×3 = 6.51, ಆರ್‌ಎಂಸಿ 2.03×2 = 4.06, ಟೈಲ್ಸ್ 3.90. ಕೊನೆಯ ಎರಡನ್ನು ಸರಿಸಮ ಎಂದೇ ಎಣಿಸಿ. ಅಂಕಗಳೇ ಅಂದಾಜಿನವು, 0.16ರ ಅಂತರಕ್ಕೆ ಬೆಲೆಯಿಲ್ಲ.

ಮೊದಲ ಸ್ಥಾನ ಬಂತೆಂದು ತರಬೇತಿ ಶುರುಮಾಡುವ ಮುನ್ನ ಕಾರಣ ಹುಡುಕಿ. ಎಂ-ಸ್ಯಾಂಡ್‌ನಲ್ಲಿ 150 ಮೈಕ್ರಾನ್ ಜರಡಿ ದಾಟುವ ಪುಡಿಗೆ ಭಾರತೀಯ ಮಾನಕ ಐಎಸ್ 383 ಕೊಡುವ ಮಿತಿ ಶೇ. 20. ಪುಡಿ ಲೋಡಿನಿಂದ ಲೋಡಿಗೆ ಏರಿಳಿದರೆ ಮಿಶ್ರಣ ಕೇಳುವ ನೀರೂ ಏರಿಳಿಯುತ್ತದೆ, ಪ್ಲಾಸ್ಟರ್ ಬಿರುಕು ಬಿಡುತ್ತದೆ. ಇದು ಕ್ರಷರ್‌ನ ದೋಷವೇ. ತೊಳೆಯುವ ಘಟಕ, ಜರಡಿ ಪರೀಕ್ಷೆ ಅಲ್ಲಿಯೇ ಆಗಬೇಕು. ಆರ್‌ಎಂಸಿ ವಿಳಂಬ ಹಾಗಲ್ಲ. ಪಂಪ್ ಸಿದ್ಧವಿಲ್ಲದೆ, ಸರಳಿನ ತಪಾಸಣೆ ಮುಗಿಯದೆ ಲಾರಿಗಳು ಸೈಟಿನಲ್ಲಿ ಸಾಲುಗಟ್ಟಿದರೆ ಮುಂದಿನ ಲೋಡ್ ತಡವಾಗುವುದು ಸಹಜ. ಲಾರಿ ಬಂದ ಸಮಯ ಮತ್ತು ಖಾಲಿಯಾದ ಸಮಯ, ಎರಡನ್ನೂ ಚಲನ್ ಮೇಲೆ ಬರೆಸಿದರೆ ತಪ್ಪು ಯಾರದೆಂದು ವಾರದಲ್ಲಿ ತಿಳಿಯುತ್ತದೆ.

ಬಾಕಿಯನ್ನೂ ನೋಡಿ. ಸರಬರಾಜುದಾರರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, ಲಿಖಿತ ಒಪ್ಪಂದವಿದ್ದರೂ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಹಣ ಪಾವತಿ 45 ದಿನ ಮೀರುವಂತಿಲ್ಲ. ಹಣ ತಡೆದಿಟ್ಟು ತೊಳೆಯುವ ಘಟಕ ಹಾಕಿಸಿ ಎಂದರೆ ಯಾರೂ ಹಾಕಿಸುವುದಿಲ್ಲ.

ಕಾಮಗಾರಿಯಲ್ಲಿ ಉಳಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಸುಧಾರಣೆಗೆ 4 ತಿಂಗಳು ಬೇಕು, ಕೆಲಸ ಉಳಿದಿರುವುದು 3 ತಿಂಗಳು ಎಂದಾದರೆ, ಮುಂದಿನ ಯೋಜನೆಯೂ ಅದೇ ಭಾಗದಲ್ಲಿ ಇದ್ದಾಗ ಮಾತ್ರ ಆ ಹೆಸರನ್ನು ಪಟ್ಟಿಯಲ್ಲಿ ಉಳಿಸಿ.