ಪಾಲಿಷ್ ಮಾಡಿಸುವ ಮುಂಚೆ ಒಂದು ಮಾತು ಕೇಳಿ

ಹೋದ ತಿಂಗಳು ಬಸವನಗುಡಿಯ ಒಬ್ಬರು ಮಲ್ಲೇಶ್ವರದ ನನ್ನ ಅಂಗಡಿಗೆ ಬಂದರು. ಕರ್ಚೀಫಿನಲ್ಲಿ ಸುತ್ತಿದ್ದ ವಾಚೊಂದನ್ನು ಮೇಜಿನ ಮೇಲಿಟ್ಟರು. ರೋಲೆಕ್ಸ್ ಡೇಟ್‌ಜಸ್ಟ್. 1980ರ ದಶಕದಲ್ಲಿ ಅವರ ತಂದೆ ದುಬೈನಲ್ಲಿ ಕೊಂಡಿದ್ದು. ಫಳಫಳ ಹೊಳೆಯುತ್ತಿತ್ತು. "ಮಾರೋಣ ಅಂತಿದ್ದೀನಿ ಸಾರ್. ಒಳ್ಳೆ ರೇಟು ಬರ್ಲಿ ಅಂತ ನಿನ್ನೆ ತಾನೇ ಪಾಲಿಷ್ ಮಾಡಿಸಿದೆ" ಅಂದರು. ಕೇಳಿ ಸಂಕಟವಾಯಿತು.

ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿ ನೋಡಿದೆ. ಚೈನು ಸಿಕ್ಕಿಸುವ ನಾಲ್ಕು ಕಾಲುಗಳಿರುತ್ತವಲ್ಲ, ಅವುಗಳನ್ನು ನಾವು ಲಗ್ ಅನ್ನುತ್ತೇವೆ. ಹಳೆಯ ರೋಲೆಕ್ಸ್‌ಗಳಲ್ಲಿ ಆ ಕಾಲಿನ ಪಕ್ಕಕ್ಕೆ ಪಿನ್ನಿನ ಸಣ್ಣ ತೂತು ಕಾಣುತ್ತದೆ. ತೂತಿನ ಸುತ್ತ ದಪ್ಪಗೆ ಲೋಹ ಇದ್ದರೆ ವಾಚು ಹೆಚ್ಚು ಉಜ್ಜಿಸಿಕೊಂಡಿಲ್ಲ ಅಂತ ಅರ್ಥ. ಇವರದ್ದರಲ್ಲಿ ತೂತು ಅಂಚಿಗೇ ಬಂದುಬಿಟ್ಟಿತ್ತು. ಚೂಪಾಗಿರಬೇಕಾದ ಅಂಚು ಬಾಯಲ್ಲಿ ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ಗುಂಡಗಾಗಿತ್ತು. ಗೀರು ಹೋಗಿತ್ತು ನಿಜ. ಅದರ ಜೊತೆ ಲೋಹವೂ ಹೋಗಿತ್ತು. ಹಳೇ ವಾಚು ಕೊಳ್ಳುವವರು ಮೊದಲು ನೋಡುವುದೇ ಆ ಅಂಚನ್ನು.

ದುಬಾರಿ ವಾಚು ತಂದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಮಾರಿದರೆ ಹಾಕಿದ ದುಡ್ಡು ಬರುತ್ತಾ? ಬಹಳಷ್ಟು ವಾಚುಗಳಿಗೆ ಬರುವುದಿಲ್ಲ. ಅಂಗಡಿಯಿಂದ ಹೊರಗೆ ಬಂದ ಕ್ಷಣವೇ ಬೆಲೆ ಇಳಿಯುತ್ತದೆ. ಹೊಸದು ಕೊಳ್ಳುವಾಗ ಆಮದು ಸುಂಕ, ಅದರ ಮೇಲೆ 18% ಜಿಎಸ್‌ಟಿ ಎಲ್ಲವೂ ನಿಮ್ಮ ಜೇಬಿನಿಂದಲೇ ಹೋಗಿರುತ್ತದೆ. ನಿಮ್ಮಿಂದ ಕೊಳ್ಳುವವನು ಅದನ್ನು ತುಂಬಿಕೊಡುವುದಿಲ್ಲ, ಅಲ್ವಾ? ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚುಗಳ ಮೇಲಿನ ಸುಂಕ ವರ್ಷ ವರ್ಷ ಇಳಿಯಲಿದೆ. ಹೊಸದು ಅಗ್ಗವಾದರೆ ಹಳೆಯದಕ್ಕೂ ಅದರ ಬಿಸಿ ತಟ್ಟುತ್ತದೆ.

ಬೆಲೆ ಉಳಿಸಿಕೊಳ್ಳುವ ವಾಚುಗಳೂ ಇವೆ, ಆದರೆ ಕಡಿಮೆ. ರೋಲೆಕ್ಸ್‌ನ ಸ್ಟೀಲ್ ಡೇಟೋನಾ, ಸಬ್‌ಮರೀನರ್. ಪಟೆಕ್ ಫಿಲಿಪ್‌ನ ನಾಟಿಲಸ್. ಒಡೆಮಾರ್ ಪಿಗೆಯ ರಾಯಲ್ ಓಕ್. ಬಹುತೇಕ ಸ್ಟೀಲಿನವೇ ಅನ್ನುವುದು ನಮ್ಮ ಜನಕ್ಕೆ ವಿಚಿತ್ರ ಅನ್ನಿಸುತ್ತದೆ. ಬಂಗಾರದ್ದಾದರೆ ಮೋಸ ಇಲ್ಲ ಅಂತ ನಂಬಿದವರು ನಾವು. ಆದರೆ ಬಂಗಾರದ ವಾಚಿನಲ್ಲಿರುವುದು ಹೆಚ್ಚಾಗಿ 18 ಕ್ಯಾರೆಟ್. ತೂಕದಲ್ಲಿ ಗಾಜು, ಒಳಗಿನ ಮೆಷಿನ್ ಎಲ್ಲ ಸೇರಿರುತ್ತದೆ. ನೀವು ಕೊಟ್ಟ ದುಡ್ಡಿನಲ್ಲಿ ಬಂಗಾರದ ಪಾಲು ಸ್ವಲ್ಪವೇ. ಸ್ಟೀಲಿನ ಆ ಕೆಲವು ಮಾಡೆಲ್‌ಗಳಿಗೆ ಬೆಲೆ ಬರುವುದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ ಅನ್ನುವ ಕಾರಣಕ್ಕೆ.

ಅದೂ ಶಾಶ್ವತ ಅಲ್ಲ. 2021ರಲ್ಲಿ ಪಟೆಕ್ ಕಂಪನಿ ನಾಟಿಲಸ್ 5711 ನಿಲ್ಲಿಸುತ್ತೇವೆ ಅಂದಿತು. ಹೊರಗಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಅಂಗಡಿ ಬೆಲೆಯ ಮೂರು ಪಟ್ಟು ದಾಟಿತು. 2022ರ ಮೊದಲ ತಿಂಗಳುಗಳಲ್ಲಿ ಎಲ್ಲರಿಗೂ ವಾಚಿನ ಹುಚ್ಚು. ಕೋರಮಂಗಲದ ಹುಡುಗನೊಬ್ಬ ಆಗಲೇ ಸಾಲ ಮಾಡಿ ಡೇಟೋನಾ ಕೊಂಡ. "ವರ್ಷದಲ್ಲಿ ಡಬಲ್ ಆಗುತ್ತೆ ಅಂಕಲ್" ಅಂದಿದ್ದ. ಆ ವರ್ಷದ ಕೊನೆಯೊಳಗೆ ಬೆಲೆ ಜಾರಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ನಷ್ಟಕ್ಕೆ ಮಾರಿದ. ವಾಚಿಗಾಗಿ ಸಾಲ ಮಾಡಬೇಡಿ ಅಂತ ನಾನು ಕೈಮುಗಿದು ಹೇಳುವುದು ಅದಕ್ಕೇ.

ಮಾರುಕಟ್ಟೆ ನಮ್ಮ ಕೈಯಲ್ಲಿಲ್ಲ. ವಾಚನ್ನು ಇದ್ದ ಹಾಗೆ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ. ಇದನ್ನು ನಾನು ಕಲಿತದ್ದು ರೋಲೆಕ್ಸ್‌ನಿಂದ ಅಲ್ಲ, ಎಚ್‌ಎಂಟಿಯಿಂದ. ನಮ್ಮಪ್ಪ ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರುವಾದ ಕಾರ್ಖಾನೆ ಅದು. ಈಗ ಹಳೇ ಜನತಾ, ಪೈಲಟ್ ವಾಚುಗಳನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ಸಿಗುವ ಎಷ್ಟೋ ವಾಚುಗಳ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ. ಅಕ್ಷರ ದಪ್ಪ, ನಿಮಿಷದ ಗೆರೆ ಸೊಟ್ಟ. ಬಿಳಿ ಡಯಲ್ ಹಳದಿ ತಿರುಗಿದ್ದರೂ ಪರವಾಗಿಲ್ಲ, ಕಾರ್ಖಾನೆಯದ್ದೇ ಆಗಿದ್ದರೆ ತಿಳಿದವರು ಅದಕ್ಕೇ ಜಾಸ್ತಿ ಕೊಡುತ್ತಾರೆ.

ದುಬಾರಿ ವಾಚಿಗೂ ಇದೇ ಲೆಕ್ಕ. ಸರ್ವಿಸ್‌ಗೆ ಕೊಡುವಾಗ "ಪಾಲಿಷ್ ಬೇಡ, ಕೇಳದೆ ಡಯಲ್, ಮುಳ್ಳು ಬದಲಿಸಬೇಡಿ" ಅಂತ ಚೀಟಿಯಲ್ಲೇ ಬರೆಸಿ. ಹೊಸ ಮುಳ್ಳು ಹಾಕಿ ಹಳೆಯದನ್ನು ಅವರೇ ಇಟ್ಟುಕೊಂಡರೆ ಆಮೇಲೆ ಅದು ಸಿಗುವುದು ಕಷ್ಟ. ಡಬ್ಬಿ, ಗ್ಯಾರಂಟಿ ಕಾರ್ಡ್, ಬಿಲ್ಲು, ಚೈನಿನಿಂದ ತೆಗೆದ ಕೊಂಡಿಗಳು, ಯಾವುದನ್ನೂ ಸುಮ್ನೆ ಎಸೆಯಬೇಡಿ.

ಬಸವನಗುಡಿಯವರಿಗೂ ಕಾಗದ ಹುಡುಕಿ ಅಂದೆ. ಮೂರು ದಿನ ಬಿಟ್ಟು ಬಂದರು. ಬೀರುವಿನಲ್ಲಿ ತಂದೆಯ ಎಲ್‌ಐಸಿ ಬಾಂಡುಗಳ ಮಧ್ಯೆ ಗ್ಯಾರಂಟಿ ಕಾಗದ ಸಿಕ್ಕಿತ್ತು. ಚೈನು ಬಿಚ್ಚಿ, ಆರು ಗಂಟೆಯ ಕಡೆ ಎರಡು ಲಗ್‌ಗಳ ನಡುವೆ ಕೊರೆದಿದ್ದ ನಂಬರನ್ನು ಬ್ರಷ್‌ನಿಂದ ಒರೆಸಿ ಓದಿದೆ. ಅವರು ಕಾಗದ ಹಿಡಿದು ಒಂದೊಂದೇ ಅಂಕಿ ಓದಿದರು. ಏಳೂ ಅಂಕಿ ತಾಳೆಯಾಯಿತು. ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಬೆಲೆ ಹೇಳಿದೆ. ಪಾಲಿಷ್‌ನಲ್ಲಿ ಹೋದದ್ದನ್ನು ಮಾತ್ರ ಸೇರಿಸಲಾಗಲಿಲ್ಲ.